ಲೆಕ್ಕ ಓಡುತ್ತಿರುವಾಗ

ನಿಮ್ಮ ಮಗಳು ಏನು ಕೆಲಸದಲ್ಲಿದ್ದಾಳೆ ಎಂದು ಯಾರಾದರೂ ಕೇಳಿದರೆ ನನಗೆ ಒಳಗೊಳಗೇ ಸಂಕಟವಾಗುತ್ತದೆ. ಡಾಕ್ಟರು ಎಂದೋ, ಬ್ಯಾಂಕಿನಲ್ಲಿ ಎಂದೋ ಒಂದೇ ಮಾತಿನಲ್ಲಿ ಮುಗಿಸುವ ಸುಖ ನನಗಿಲ್ಲ. "ನೀರು, ಗಾಳಿ ಹೇಗೆ ಹರಿಯುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕ್ತಾಳೆ" ಎನ್ನುತ್ತೇನೆ. ನಮ್ಮ ಸ್ಟಾಫ್ ರೂಮಿನ ಹಿರಿಯ ಮೇಡಂ ಒಬ್ಬರು, "ಓ, ನೀರಿನ ಬಿಲ್ಲಿನ ಕೆಲಸವಾ? ಗೌರ್ಮೆಂಟು ಅಲ್ವಾ, ಒಳ್ಳೇದಾಯ್ತು ಬಿಡಿ" ಎಂದು ಸಂತೋಷಪಟ್ಟಿದ್ದರು. ಅವರ ಸಂತೋಷವನ್ನು ಕೆಡಿಸಲು ನನಗೂ ಮನಸ್ಸಾಗಲಿಲ್ಲ. ನಾನಾದರೂ ಓದಿದ್ದು ಬಿ.ಎ., ಬಿ.ಎಡ್.; ಕಲಿಸುವುದು ಸಮಾಜ ವಿಜ್ಞಾನ. ಮುಂಗಾರು ಮಾರುತ ಅರಬ್ಬಿ ಸಮುದ್ರದಿಂದ ಘಟ್ಟ ಹತ್ತಿ ಬರುವುದನ್ನು ಬೋರ್ಡಿನ ಮೇಲೆ ಒಂದು ಬಾಣ ಎಳೆದು ತೋರಿಸುತ್ತ ವರ್ಷಗಳನ್ನೇ ಕಳೆದವಳು. ಆ ಒಂದು ಬಾಣದ ಹೊಟ್ಟೆಯೊಳಗೆ ಎಷ್ಟೊಂದು ಲೆಕ್ಕ ಅಡಗಿದೆ ಎಂಬುದು ನನಗೆ ತಿಳಿದದ್ದು 2020ರಲ್ಲಿ.

ಆ ವರ್ಷ ಮಾರ್ಚಿನಲ್ಲಿ ಲಾಕ್‌ಡೌನ್ ಆಗುವ ಎರಡು ದಿನ ಮೊದಲು ಮಗಳು ಬೆಂಗಳೂರಿನಿಂದ ಮನೆಗೆ ಬಂದಳು. ನಮ್ಮದು ಮಲೆನಾಡಿನ ಸಣ್ಣ ಊರು. ಫೋನಿನ ಸಿಗ್ನಲ್ ಸರಿಯಾಗಿ ಸಿಗುವುದು ಜಗಲಿಯ ಬಲಮೂಲೆಯಲ್ಲಿ ಮಾತ್ರ. ಅವಳ ಆಫೀಸು ಆ ಮೂಲೆಯಲ್ಲೇ ಶುರುವಾಯಿತು. ಲೆಕ್ಕ ಮಾಡುವ ದೊಡ್ಡ ಕಂಪ್ಯೂಟರು ಬೆಂಗಳೂರಿನಲ್ಲಿ. ಇವಳ ಮಡಿಲ ಮೇಲಿದ್ದದ್ದು ಅದನ್ನು ಇಣುಕಿ ನೋಡುವ ಕಿಟಕಿ ಅಷ್ಟೇ. ನಮ್ಮಲ್ಲಿ ಕರೆಂಟು ಹೋದರೂ ಅಲ್ಲಿ ಲೆಕ್ಕ ಓಡುತ್ತಲೇ ಇರುತ್ತಿತ್ತು. ಅದೇ ಅವಳಿಗೆ ಭಯ. ನೋಡದೇ ಇದ್ದಾಗ ಅದು ಏನು ಮಾಡಿಕೊಂಡೀತೋ ಎಂದು ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಗೆ ಹೋಗುವಳು. ಹಸುಗೂಸಿನ ತಾಯಿಯ ಹಾಗೆ. ಸೊಳ್ಳೆಬತ್ತಿ ಹಚ್ಚಿಕೊಡುವ ನೆಪದಲ್ಲಿ ನಾನೂ ಏಳುತ್ತಿದ್ದೆ. ಹಾಗೆ ಕೂತಾಗ ನನಗೆ ಪಾಠವಾಯಿತು. ಅಮ್ಮನಿಗೆ ಕಲಿಸುವ ಅವಕಾಶವನ್ನು ಯಾವ ಮಗಳು ಬಿಟ್ಟಾಳು?

ಹೊಸದಾಗಿ ಕಲಿಯುವವರಿಗೆ ಮೊದಲ ಪಾಠವಾಗಿ ಒಂದು ಪೆಟ್ಟಿಗೆಯ ಲೆಕ್ಕ ಕೊಡುತ್ತಾರಂತೆ. 10 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ. ಒಳಗೆ ದ್ರವ. ಮೇಲಿನ ಮುಚ್ಚಳ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಪಕ್ಕಕ್ಕೆ ಜಾರುತ್ತಲೇ ಇರುತ್ತದೆ. ಒಳಗಿನ ದ್ರವ ಹೇಗೆ ಸುತ್ತುತ್ತದೆ? ಇದನ್ನು ಕಂಡುಹಿಡಿಯಲು ಪೆಟ್ಟಿಗೆಯನ್ನು ಅಡ್ಡಕ್ಕೆ 20, ಎತ್ತರಕ್ಕೆ 20, ಒಟ್ಟು 400 ಕೋಣೆಗಳಾಗಿ ಸೀಳುತ್ತಾರೆ. ಒಂದೊಂದು ಕೋಣೆ 5 ಮಿಲಿಮೀಟರ್. ಕಾಲವನ್ನೂ ಹಾಗೆಯೇ ಸೀಳಿ 0.005 ಸೆಕೆಂಡಿನ ಒಂದೊಂದು ಹೆಜ್ಜೆ ಮಾಡುತ್ತಾರೆ. ಪ್ರತಿ ಹೆಜ್ಜೆಗೂ ಪ್ರತಿ ಕೋಣೆಯಲ್ಲಿ ವೇಗ ಎಷ್ಟು, ಒತ್ತಡ ಎಷ್ಟು ಎಂದು ಲೆಕ್ಕ. ಅಂಥ 100 ಹೆಜ್ಜೆ ಹಾಕಿದರೆ ಪೆಟ್ಟಿಗೆಯಲ್ಲಿ ಅರ್ಧ ಸೆಕೆಂಡು ಕಳೆದಂತೆ. ಅರ್ಧ ಸೆಕೆಂಡಿಗೆ ಇಷ್ಟು ಪಾಡು! ಈ ಲೆಕ್ಕ ಬಿಡಿಸುವ ಭಾಗಕ್ಕೆ ಸಾಲ್ವರ್ ಎಂದು ಹೆಸರು.

ಹೆಜ್ಜೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಒಂದು ಅಳತೆಯಿದೆ. ಒಂದು ಹೆಜ್ಜೆಯಲ್ಲಿ ದ್ರವ ಎಷ್ಟು ಕೋಣೆ ದಾಟುತ್ತದೆ ಎಂಬುದೇ ಆ ಅಳತೆ. ಅದಕ್ಕೆ ಕೂರಾಂಟ್ ಸಂಖ್ಯೆ ಎನ್ನುತ್ತಾರೆ. ಮೇಲೆ ಹೇಳಿದ ಪೆಟ್ಟಿಗೆಯಲ್ಲಿ ಮುಚ್ಚಳದ ಹತ್ತಿರ ಅದು ಸರಿಯಾಗಿ 1. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು ಇದನ್ನು ಬರೆದದ್ದು 1928ರಲ್ಲಿ, ಕಂಪ್ಯೂಟರು ಹುಟ್ಟುವ ಮೊದಲೇ. ಕೆಲವು ವಿಧಾನಗಳು ಒಂದನ್ನು ಮೀರಿದರೂ ಹೇಗೋ ನಿಲ್ಲುತ್ತವೆ, ಆದರೆ ಉತ್ತರದ ನಿಖರತೆ ಕಳೆದುಕೊಳ್ಳುತ್ತವೆ. ಇನ್ನು ಕೆಲವು ನಿಲ್ಲುವುದೇ ಇಲ್ಲ. ಅಂಕಿಗಳು ಒಂದಕ್ಕೆರಡು, ಎರಡಕ್ಕೆ ನಾಲ್ಕಾಗಿ, ಕೊನೆಗೆ ಅಂಕಿಗಳೇ ಅಲ್ಲದ ಏನೋ ಬಂದು ಓಟ ಕುಸಿಯುತ್ತದೆ. "ಸಿಡಿದುಹೋಯ್ತು" ಎನ್ನುತ್ತಾಳೆ ಮಗಳು. ಮೊದಲ ಸಲ ಆ ಮಾತು ಕೇಳಿ ನಾನು ಕುಕ್ಕರ್ ನೋಡಲು ಓಡಿದ್ದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಐದಾರು ದಿನ ಓಡುವ ಲೆಕ್ಕವೊಂದು ನಾಲ್ಕನೆಯ ದಿನ ತತ್ತರಿಸತೊಡಗಿದರೆ ಏನು ಮಾಡಬೇಕು? ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡಬೇಕೆ? ಬೇಕಿಲ್ಲ, ಓಡುತ್ತಿರುವಾಗಲೇ ಅದರ ಕಿವಿ ಹಿಂಡಬಹುದು ಎಂದು ತಿಳಿದಾಗ ನನಗೆ ಬಹಳ ಆಶ್ಚರ್ಯವಾಯಿತು. ಅವಳು ಬಳಸುತ್ತಿದ್ದದ್ದು ಓಪನ್‌ಫೋಮ್ ಎಂಬ ತಂತ್ರಾಂಶ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿ, 2004ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡದ್ದು. ಅದರ ಹೊಂದಾಣಿಕೆಗಳೆಲ್ಲ ಇರುವುದು ಸಾದಾ ಅಕ್ಷರಗಳ ಕಡತಗಳಲ್ಲಿ. ಅವುಗಳಿಗೆ ಇಟ್ಟ ಹೆಸರು ಡಿಕ್ಷನರಿ ಎಂದು! ಗುಂಡಿಗಳಿಲ್ಲ, ತಿರುಪುಗಳಿಲ್ಲ, ಎಡಗಡೆ ಪದ, ಬಲಗಡೆ ಅರ್ಥ, ಕೊನೆಗೊಂದು ಸೆಮಿಕೋಲನ್. ಭಾಷೆ ಓದಿದ ನನ್ನಂಥವಳಿಗೆ ಅಲ್ಲಿ ಸ್ವಲ್ಪ ಧೈರ್ಯ ಬಂತು. ಆ ನಿಘಂಟಿನಲ್ಲಿ 'ರನ್‌ಟೈಮ್ ಮಾಡಿಫೈಯಬಲ್' ಎಂಬ ಒಂದು ಪದವಿದೆ. ಅದರ ಮುಂದೆ 'ಯೆಸ್' ಎಂದು ಬರೆದಿದ್ದರೆ ಪ್ರೋಗ್ರಾಮು ಒಂದೊಂದು ಹೆಜ್ಜೆ ಇಡುವಾಗಲೂ, ಈ ಕಡತವನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ನೋಡಿಕೊಳ್ಳುತ್ತದೆ. ತಿದ್ದಿದ್ದರೆ ಹೊಸದನ್ನು ಓದಿಕೊಂಡು ಮುಂದೆ ಹೋಗುತ್ತದೆ. ಬೆನ್ನ ಹಿಂದೆ ಅಮ್ಮ ಹೇಳಿದ್ದನ್ನು ನಿಲ್ಲದೆಯೇ ಕೇಳಿಸಿಕೊಂಡು ನಡೆಯುವ ಮಗುವಿನ ಹಾಗೆ.

ಹೆಜ್ಜೆ ಚಿಕ್ಕದು ಮಾಡಬಹುದು. ಕೂರಾಂಟ್ ಸಂಖ್ಯೆಗೆ ಮಿತಿ ಹಾಕಿ, ಹೆಜ್ಜೆಯನ್ನು ನೀನೇ ಹೊಂದಿಸಿಕೋ ಎನ್ನಬಹುದು. ಮುಗಿಯುವ ಸಮಯವನ್ನು ಮುಂದೆ ಹಾಕಬಹುದು. ಈಗಿನ ಸ್ಥಿತಿ ಬರೆದಿಟ್ಟು ಮರ್ಯಾದೆಯಿಂದ ನಿಲ್ಲು ಎಂದೂ ಹೇಳಬಹುದು. ಆದರೆ ಎಲ್ಲವನ್ನೂ ಹೀಗೆ ಬದಲಿಸಲಾಗದು. ಸಾಲ್ವರನ್ನೇ ಬೇರೆ ಮಾಡಬೇಕು, ಲೆಕ್ಕವನ್ನು ಎಷ್ಟು ಪ್ರೊಸೆಸರುಗಳಿಗೆ ಹಂಚಬೇಕು ಎಂಬುದನ್ನು ಮಾರ್ಪಡಿಸಬೇಕು ಎಂದರೆ ನಿಲ್ಲಿಸಿ, ಬರೆದಿಟ್ಟ ಜಾಗದಿಂದ ಮತ್ತೆ ಹೊರಡಬೇಕು. ತಿದ್ದುವಾಗ ಒಂದು ಸೆಮಿಕೋಲನ್ ಬಿಟ್ಟಿರೋ, ನಾಲ್ಕು ದಿನ ಓಡಿದ್ದು ಆ ಹೆಜ್ಜೆಯಲ್ಲೇ ಬಿದ್ದುಹೋಗುತ್ತದೆ. ವಿರಾಮಚಿಹ್ನೆಗೆ ಅಂಕ ಕಳೆದರೆ ಅಳುವ ನನ್ನ ಮಕ್ಕಳಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ.

ಅಡುಗೆ ಮಾಡುವವರಿಗೆ ಇದು ಹೊಸದಲ್ಲ. ಪಾಕ ಒಲೆಯ ಮೇಲಿರುವಾಗ ಉರಿ ಸಣ್ಣ ಮಾಡುತ್ತೇವೆ, ಸೌಟು ಆಡಿಸುತ್ತೇವೆ. ಆದರೆ ಪಾತ್ರೆ ಬದಲಿಸಬೇಕೆಂದರೆ ಇಳಿಸಲೇಬೇಕು. ಇಷ್ಟನ್ನು ನಾನು ಹೇಳಿದಾಗ ಮಗಳು ಒಪ್ಪಿದಳು. ಆದರೆ, "ಅಮ್ಮ, ಪಾಕ ಕೆಟ್ಟರೆ ನಾಲಿಗೆಗೆ ಗೊತ್ತಾಗತ್ತೆ. ಇದು ಕೆಟ್ಟರೆ ನೋಡೋಕೆ ಇನ್ನೂ ಚೆನ್ನಾಗಿ ಕಾಣತ್ತೆ. ಕಷ್ಟ ಇರೋದು ಅಲ್ಲಿ" ಎಂದಳು. ಆ ಮಾತು ಆಗ ನನಗೆ ಪೂರ್ತಿ ಅರ್ಥವಾಗಲಿಲ್ಲ.

ಅದು ಅರ್ಥವಾಗಲು ಇನ್ನೊಂದು ಪದ ಕಲಿಯಬೇಕಾಯಿತು: ರಿಲ್ಯಾಕ್ಸೇಶನ್. ಹೆಸರು ಕೇಳಿದರೆ ಕಾಲು ಚಾಚಿ ಕೂತಂತೆ ಅನಿಸುತ್ತದೆ, ಆದರೆ ವಿಷಯ ಬೇರೆ. ಕಾಲಕ್ಕೆ ಬದಲಾಗದ ಹರಿವಿನ ಲೆಕ್ಕಗಳಲ್ಲಿ ಮೊದಲು ಒಂದು ಊಹೆ ಮಾಡಿ, ಸುತ್ತು ಸುತ್ತಾಗಿ ತಿದ್ದುತ್ತ ಹೋಗುತ್ತಾರೆ. 1972ರಲ್ಲಿ ಪಟಾಂಕರ್ ಮತ್ತು ಸ್ಪಾಲ್ಡಿಂಗ್ ಎಂಬುವರು ತೋರಿಸಿಕೊಟ್ಟ 'ಸಿಂಪಲ್' ಎಂಬ ಕ್ರಮ ಇಂದಿಗೂ ಬಳಕೆಯಲ್ಲಿದೆ. ಅದು ನಿಜವಾಗಿ ಸಿಂಪಲ್ ಏನಲ್ಲ. ಉದ್ದದ ಹೆಸರೊಂದರ ಮೊದಲಕ್ಷರಗಳನ್ನು ಕೂಡಿಸಿದ್ದು. ಸುಹಾಸ್ ಪಟಾಂಕರ್ ನಮ್ಮ ದೇಶದವರು, ಇಂಪೀರಿಯಲ್ ಕಾಲೇಜಿನಲ್ಲಿ ಸಂಶೋಧನೆ ಮಾಡಿದವರು. ಈ ಕ್ರಮದಲ್ಲಿ ಪ್ರತಿ ಸುತ್ತೂ ಹೇಳುವ ತಿದ್ದುಪಡಿಯನ್ನು ಪೂರ್ತಿ ಒಪ್ಪಿಕೊಳ್ಳುವಂತಿಲ್ಲ. ಒತ್ತಡದಲ್ಲಿ 0.3 ಪಾಲು, ವೇಗದಲ್ಲಿ 0.7 ಪಾಲು ಒಪ್ಪಿಕೊಳ್ಳುವುದು ಸಾಮಾನ್ಯ ರೂಢಿ. ನಾನು ಮದುವೆಯಾಗಿ ಬಂದಾಗ ನೆರೆಮನೆಯ ಅಜ್ಜಿ, ಅತ್ತೆಯ ಮಾತಿನಲ್ಲಿ ಹತ್ತಕ್ಕೆ ಏಳು ಕೇಳು, ಗಂಡನ ಮಾತಿನಲ್ಲಿ ಮೂರು ಸಾಕು ಎಂದಿದ್ದರು. ಅವರಿಗೆ ಪಟಾಂಕರರ ಪರಿಚಯವಿರಲಿಲ್ಲ, ಪ್ರಮಾಣ ಮಾತ್ರ ಅದೇ.

ಈ ಪಾಲನ್ನೂ ಓಟದ ನಡುವೆ ಬದಲಿಸಬಹುದು. ಲೆಕ್ಕ ಕುಣಿಯತೊಡಗಿದರೆ ಕಡಿಮೆ ಮಾಡುವುದು, ಹದಕ್ಕೆ ಬಂದ ಮೇಲೆ ಏರಿಸುವುದು. ನಿಜವಾಗಿ ನೆಲೆಗೆ ಬಂದ ಉತ್ತರ ಇದರಿಂದ ಬದಲಾಗುವುದಿಲ್ಲ. ಅಲ್ಲಿಗೆ ತಲುಪುವ ದಾರಿಯಷ್ಟೇ ಬೇರೆಯಾಗುತ್ತದೆ. ಆದರೆ ಪಾಲನ್ನು ತೀರಾ ಕಡಿಮೆ ಮಾಡಿದರೆ ಸುತ್ತಿನಿಂದ ಸುತ್ತಿಗೆ ಅಂಕಿಗಳು ಹೆಚ್ಚು ಬದಲಾಗುವುದೇ ಇಲ್ಲ. ನೋಡಿದವರಿಗೆ ಲೆಕ್ಕ ನೆಲೆಗೆ ನಿಂತಂತೆ ಕಾಣುತ್ತದೆ. ನಿಂತಿರುವುದಿಲ್ಲ. ಮಗು ಅಳು ನಿಲ್ಲಿಸಿತು ಎಂದರೆ ಹಸಿವು ತೀರಿತು ಎಂದೇ ಅರ್ಥವೆ? ಅತ್ತತ್ತು ಸುಸ್ತಾಗಿಯೂ ಸುಮ್ಮನಾಗುತ್ತದೆ.

ಓಡುವ ಲೆಕ್ಕವನ್ನು ನೋಡಿಕೊಳ್ಳಲು ಒಬ್ಬರು ಬೇಕು ಎಂಬ ಯೋಚನೆ ಕಂಪ್ಯೂಟರಿಗಿಂತ ಹಳೆಯದು. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷರು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಸೇವೆಯಲ್ಲಿದ್ದಾಗ, 1910ರ ಮೇ 20ರ ಹವಾಮಾನವನ್ನು ಕೈಯಲ್ಲೇ ಲೆಕ್ಕ ಹಾಕಿದರು. ಆರು ಗಂಟೆಯಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಎಂದು ಉತ್ತರ ಬಂತು. ಆ ದಿನ ನಿಜವಾಗಿ ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಕಾಗದ ಹರಿದು ಒಲೆಗೆ ಹಾಕುತ್ತಿದ್ದರು. ಅವರು ಆ ಉತ್ತರವನ್ನು ಇದ್ದಹಾಗೆಯೇ 1922ರ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅದೇ ಪುಸ್ತಕದಲ್ಲಿ ಅವರೊಂದು ಕನಸು ಕಂಡಿದ್ದಾರೆ. ನಾಟಕಶಾಲೆಯಂಥ ದೊಡ್ಡ ಸಭಾಂಗಣ. ಗೋಡೆಯ ಮೇಲೆಲ್ಲ ಭೂಪಟ. 64,000 ಜನ ಕೂತು ತಮ್ಮ ತಮ್ಮ ಭಾಗದ ಹವೆಯ ಲೆಕ್ಕ ಮಾಡುತ್ತಿದ್ದಾರೆ. ನಡುವಿನ ಕಂಬದ ಮೇಲೆ ಒಬ್ಬ ಮೇಲ್ವಿಚಾರಕ. ಲೆಕ್ಕದಲ್ಲಿ ಮುಂದೋಡಿದವರ ಮೇಲೆ ಗುಲಾಬಿ ಬೆಳಕು ಬಿಡುತ್ತಾನೆ, ಹಿಂದುಳಿದವರ ಮೇಲೆ ನೀಲಿ ಬೆಳಕು. ಇದನ್ನು ಕೇಳಿ ನಾನು ಮಗಳಿಗೆ, "ಇದು ನನ್ನ ಒಂಬತ್ತನೇ ಕ್ಲಾಸು ಕಣೇ" ಎಂದೆ. ರಿಚರ್ಡ್‌ಸನ್ ಮುಂದೆ ಮೇಷ್ಟರ ಕೆಲಸಕ್ಕೇ ಹೋದರಂತೆ. ಮೇಷ್ಟರುಗಳಿಗೆ ತರಬೇತಿ ಕೊಡುವ ಲಂಡನ್ನಿನ ಕಾಲೇಜೊಂದರಲ್ಲಿ ಪಾಠ ಹೇಳಿದರು. ನನಗೆ ಆಶ್ಚರ್ಯವಾಗಲಿಲ್ಲ.

ಅಷ್ಟು ಜನ ಕೂಡಿ ಮಾಡಬೇಕಾದ ಲೆಕ್ಕವನ್ನು ಆಮೇಲೆ ಯಂತ್ರಗಳು ವಹಿಸಿಕೊಂಡವು. ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, 1986ರಲ್ಲಿ ಫ್ಲೋಸಾಲ್ವರ್ ಎಂಬ ಕಂಪ್ಯೂಟರನ್ನು ಕಟ್ಟತೊಡಗಿದರು. ಹರಿವನ್ನು ಬಿಡಿಸುವುದು ಎಂದೇ ಅದರ ಹೆಸರು. ಒಂದೇ ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಿ ಮಾಡಿಸುವ ಯಂತ್ರ. ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಕನ್ನಡದವರೇ ಆದ ರೊದ್ದಂ ನರಸಿಂಹ. ಅವರ ತಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು. 2020ರ ಡಿಸೆಂಬರಿನಲ್ಲಿ ನರಸಿಂಹರು ತೀರಿಕೊಂಡ ಸುದ್ದಿಯನ್ನು ಮಗಳು ಓದಿದ್ದೂ ಜಗಲಿಯ ಅದೇ ಮೂಲೆಯಲ್ಲಿ ಕೂತು. ಆ ದಿನ ಅವಳು ಹೆಚ್ಚು ಮಾತಾಡಲಿಲ್ಲ.

ಅದಕ್ಕೂ ಮೊದಲೇ, ಆ ವರ್ಷದ ಮಳೆಗಾಲದಲ್ಲಿ, ಅವಳ ಕೈಗೆ ಒಂದು ಆಸ್ಪತ್ರೆಯ ವಾರ್ಡಿನ ಲೆಕ್ಕ ಬಂದಿತ್ತು. ಎಲ್ಲಿ ಗಾಳಿ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಯಾವ ಹಾಸಿಗೆಯ ಹತ್ತಿರ ನಿಂತು ಕೊಳೆಯುತ್ತದೆ ಎಂದು ನೋಡಿ ಹೇಳಬೇಕು. ಆ ಕಾಲದಲ್ಲಿ ಅದರ ಅರ್ಥವೇನೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಪೆಟ್ಟಿಗೆಯ 400 ಕೋಣೆ ಎಲ್ಲಿ, ಇಲ್ಲಿಯ ಲಕ್ಷಗಟ್ಟಲೆ ಕೋಣೆ ಎಲ್ಲಿ! ನಾಲ್ಕು ದಿನ ಓಡಿದ ಮೇಲೆ ರಾತ್ರಿ ಹೊತ್ತು, ಗಾಳಿ ಒಳಬರುವ ಜಾಲರಿಯ ಹತ್ತಿರದ ಸಣ್ಣ ಕೋಣೆಗಳಲ್ಲಿ ವೇಗ ಏರಿ ಕೂರಾಂಟ್ ಸಂಖ್ಯೆ 0.8 ಇದ್ದದ್ದು 1.3 ಆಯಿತು, 2ನ್ನು ದಾಟಿತು. ಮಗಳು ಹೆಜ್ಜೆಯನ್ನು ಅರ್ಧ ಮಾಡಿ, ಮಿತಿ ಹಾಕಿ, ಉಸಿರು ಬಿಗಿಹಿಡಿದು ಕೂತಳು. ಹತ್ತು ಹೆಜ್ಜೆಯೊಳಗೆ ಅಂಕಿ ಇಳಿಯಿತು. ಸಮಾಧಾನವಾಯಿತು. ಆದರೆ ಹೆಜ್ಜೆ ಚಿಕ್ಕದಾದರೆ ದಾರಿ ಉದ್ದವಾಗುತ್ತದೆ. ಸೋಮವಾರ ಕೊಡಬೇಕಾದ ವರದಿ ಗುರುವಾರಕ್ಕೆ ಹೋಗುತ್ತಿತ್ತು.

ಮಾರನೆಯ ಬೆಳಿಗ್ಗೆ ಅವಳ ಮೇಲಿನವರ ಫೋನು ಬಂತು. ಸಿಗ್ನಲ್ಲಿಗಾಗಿ ಸ್ಪೀಕರ್ ಹಾಕಿಯೇ ಮಾತಾಡಬೇಕಿದ್ದರಿಂದ ನನಗೂ ಕೇಳಿಸಿತು. ಅವರು ಹೇಳಿದ್ದು ಇಷ್ಟು: ಸ್ಕೀಮ್ ಎಂಬ ಕಡತದಲ್ಲಿ ಒಂದು ಗೆರೆ ಬದಲಿಸು, ಲೆಕ್ಕ ನಯವಾಗಿ ಓಡುತ್ತದೆ, ದೊಡ್ಡ ಹೆಜ್ಜೆ ಹಾಕಬಹುದು, ಸೋಮವಾರ ಮುಗಿಯುತ್ತದೆ. ಅದನ್ನು ವರದಿಯಲ್ಲಿ ಬರೆಯುವ ಅಗತ್ಯವಿಲ್ಲ.

ಆ ಒಂದು ಗೆರೆ ಏನೆಂದು ಮಗಳು ಆಮೇಲೆ ಬಿಡಿಸಿ ಹೇಳಿದಳು. ಕೋಣೆಯಿಂದ ಕೋಣೆಗೆ ಹರಿವು ಹೋಗುವುದನ್ನು ನಿಖರವಾಗಿ ಲೆಕ್ಕ ಹಾಕುವ ಕ್ರಮ ಒಂದು, ಒರಟಾಗಿ ಹಾಕುವ ಕ್ರಮ ಇನ್ನೊಂದು. ಒರಟು ಕ್ರಮ ಬಹಳ ಸಾಧು, ಸಿಡಿಯುವುದಿಲ್ಲ. ಆದರೆ ಅದು ನೀರಿನಲ್ಲಿ ನೆನೆದ ಚಿತ್ರದ ಹಾಗೆ ಎಲ್ಲವನ್ನೂ ಕಲಸಿ ಹರಡಿಬಿಡುತ್ತದೆ. ನಿಖರ ಕ್ರಮದಲ್ಲಿ ವಾರ್ಡಿನ ಒಂದು ಮೂಲೆಯ ಹಾಸಿಗೆಯ ಮೇಲೆ ಗಾಳಿ ಹೊರಗೆ ಹೋಗದೆ ಅಲ್ಲೇ ಸುತ್ತುವ ಒಂದು ಸುಳಿ ಕಾಣುತ್ತಿತ್ತು. ಬದಲಿಸಿದ ಮೇಲೆ ಏನಾಗುತ್ತದೆಂದು ನೋಡಲು ಅವಳು ಬೇರೆಯಾಗಿ ಒಂದು ಸಣ್ಣ ಓಟ ಓಡಿಸಿ ನನಗೆ ತೋರಿಸಿದಳು. ಸುಳಿ ಇಲ್ಲ. ಚಿತ್ರ ಅಚ್ಚುಕಟ್ಟು, ಬಣ್ಣಗಳು ಮೃದು. ಕೆಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದದ್ದು ನನಗೆ ಆಗ ಅರ್ಥವಾಯಿತು. ವಾರ್ಡಿನ ಗಾಳಿ ಒಂದಿಷ್ಟೂ ಬದಲಾಗಿಲ್ಲ. ಆ ಹಾಸಿಗೆಯ ರೋಗಿಯ ಪಾಲಿಗೆ ಸುಳಿ ಇದ್ದೇ ಇದೆ. ನಮ್ಮ ಕಣ್ಣಿಗೆ ಮಾತ್ರ ಇಲ್ಲ.

"ಏನು ಮಾಡ್ತೀಯೇ?" ಎಂದೆ.

"ಗುರುವಾರ ಕೊಡ್ತೀನಿ ಅಂತೀನಿ."

"ಕೆಲಸ ಹೋದರೆ?"

"ಹೋದರೆ ಇಲ್ಲೇ ಇರ್ತೀನಲ್ಲ. ದಿನಾ ನಿನ್ನ ಕೈ ಅಡುಗೆ" ಎಂದು ನಕ್ಕಳು. ನಗು ಪೂರ್ತಿಯಾಗಿರಲಿಲ್ಲ. ಬೆಂಗಳೂರಿನ ಮನೆ ಬಾಡಿಗೆ, ಓದಿನ ಸಾಲದ ಕಂತು ಎಲ್ಲ ಇಬ್ಬರಿಗೂ ಗೊತ್ತಿತ್ತು. ಆ ತಿಂಗಳುಗಳಲ್ಲಿ ಎಷ್ಟು ಮಕ್ಕಳು ಕೆಲಸ ಕಳೆದುಕೊಂಡು ಊರಿಗೆ ಬಂದಿದ್ದರೆಂಬುದೂ ಗೊತ್ತಿತ್ತು. ಬದಲಿಸಿಬಿಡು ಎನ್ನಲು ನನ್ನ ಬಾಯಿ ಬರಲಿಲ್ಲ. ಬೇಡ ಎನ್ನುವ ಅಗತ್ಯ ಅವಳು ನನಗೆ ಕೊಡಲಿಲ್ಲ.

ನಾನು ಕೊಟ್ಟದ್ದು ಒಂದು ಸಣ್ಣ ಸಲಹೆ ಮಾತ್ರ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ, ಅಂಕಗಳ ವಹಿಯಲ್ಲಿ ಬಿಳಿ ಶಾಯಿ ಹಚ್ಚುವಂತಿಲ್ಲ, ಉಜ್ಜುವಂತಿಲ್ಲ. ಬದಲಿಸಬೇಕಾದ ಅಂಕಿಯ ಮೇಲೆ ಒಂದೇ ಗೆರೆ. ಹಳೆಯದು ಕಾಣುತ್ತಲೇ ಇರಬೇಕು. ಪಕ್ಕದಲ್ಲಿ ಹೊಸದು, ಸಹಿ, ತಾರೀಖು. ಹಾಗೆ ಬರೆದಿಡು ಎಂದೆ. ಅವಳು ನನ್ನಿಂದ ಒಂದು ರೂಲ್ಡ್ ನೋಟ್‌ಬುಕ್ ಇಸಿದುಕೊಂಡು, ಓಟದ ನಡುವೆ ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಅದರಲ್ಲಿ ಬರೆದಳು: ಯಾವ ಹೆಜ್ಜೆಯಲ್ಲಿ, ಏನಿತ್ತು, ಏನಾಯಿತು, ಏಕೆ. ವರದಿ ಗುರುವಾರ ಹೋಯಿತು. ಆ ಪುಟದ ಪ್ರತಿಯೂ ಅದರ ಹಿಂದೆ ಹೋಯಿತು. ಮೂಲೆಯ ಹಾಸಿಗೆಯ ವಿಷಯ ಮೊದಲ ಪುಟದಲ್ಲೇ ಇತ್ತು. ಆ ವರ್ಷ ಅವಳಿಗೆ ಸಂಬಳ ಏರಲಿಲ್ಲ. ಆಮೇಲೆ ಬಂದ ಒಳ್ಳೆಯ ಕೆಲಸಗಳೆಲ್ಲ ಬೇರೆಯವರ ಪಾಲಾದವು. ಎರಡು ವರ್ಷ ಕಳೆದು ಅವಳೇ ಬೇರೆ ಕಡೆ ಸೇರಿದಳು.

ಇದನ್ನೆಲ್ಲ ನೋಡಿದ ಮೇಲೆ ನನ್ನ ವೃತ್ತಿಯನ್ನೂ ನಾನು ಸ್ವಲ್ಪ ಬೇರೆಯಾಗಿ ನೋಡತೊಡಗಿದೆ. ತರಗತಿಯೂ ಓಡುವ ಲೆಕ್ಕವೇ. ಜೂನ್‌ನಲ್ಲಿ ಮಾಡಿದ ಪಾಠಯೋಜನೆ ಆಗಸ್ಟಿನ ಮಳೆಯಲ್ಲಿ ನಿಲ್ಲುವುದಿಲ್ಲ. ಹಳ್ಳ ತುಂಬಿ ಅರ್ಧ ಮಕ್ಕಳು ಬರದಿದ್ದಾಗ ಹೆಜ್ಜೆ ಚಿಕ್ಕದು ಮಾಡುತ್ತೇನೆ. ಒಂದು ಪಾಠವನ್ನು ಮೂರು ದಿನಕ್ಕೆ ಹಂಚುತ್ತೇನೆ. ಇದು ದಾರಿಯ ಬದಲಾವಣೆ. ಉತ್ತೀರ್ಣತೆಯ ಗೆರೆಯನ್ನೇ ಇಳಿಸಿದರೆ ಅದು ಬೇರೆ ಜಾತಿಯ ಬದಲಾವಣೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕಟ್ಟುನಿಟ್ಟಿನ ಪರೀಕ್ಷೆಯಿಂದ ಫಲಿತಾಂಶ ಕುಸಿದಾಗ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು. ರಾಜ್ಯದ ಫಲಿತಾಂಶ ಶೇಕಡಾ 73.40 ಆಯಿತು. ಸರಿಯೋ ತಪ್ಪೋ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ವಾರಗಟ್ಟಲೆ ಜಗಳವಾಯಿತು. ಆದರೆ ಒಂದು ಮಾತು ಒಪ್ಪಬೇಕು: ಅದನ್ನು ಎಲ್ಲರಿಗೂ ಹೇಳಿ ಮಾಡಿದರು. ಆದ್ದರಿಂದಲೇ ಜಗಳವಾಡಲು ಸಾಧ್ಯವಾಯಿತು. ಮುಚ್ಚಿಟ್ಟಿದ್ದರೆ ಆ ಅಂಕಿಯನ್ನು ನೋಡಿ ನಾವು ಬೆನ್ನು ತಟ್ಟಿಕೊಳ್ಳುತ್ತಿದ್ದೆವು.

ನಡುವೆ ಕೈ ಹಾಕುವುದೇ ತಪ್ಪು ಎನ್ನುವವರಿದ್ದಾರೆ. ಹಾಗೆಂದರೆ ಯಾವ ಲೆಕ್ಕವೂ ಮುಗಿಯದು, ಯಾವ ಮಗುವೂ ದಡ ಸೇರದು. ಕೈ ಹಾಕಬೇಕು. ಆದರೆ ಉತ್ತರಕ್ಕೆ ತಲುಪುವ ದಾರಿಯನ್ನು ಬದಲಿಸುತ್ತಿದ್ದೇವೆಯೋ, ಉತ್ತರವನ್ನೇ ಬದಲಿಸುತ್ತಿದ್ದೇವೆಯೋ ಎಂದು ಕೈ ಹಾಕುವ ಮೊದಲು ಕೇಳಿಕೊಳ್ಳಬೇಕು. ಈಗ ಮಗಳ ಕೈಕೆಳಗೆ ಇಬ್ಬರು ಹೊಸಬರು ಕಲಿಯುತ್ತಿದ್ದಾರೆ. ಓಡುತ್ತಿರುವ ಕಡತವನ್ನು ತಿದ್ದುವ ಮೊದಲು ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ ಎನ್ನುತ್ತಾಳಂತೆ. ಬರೆಯಲು ಸಂಕೋಚವಾದರೆ ಆ ಕಾರಣಕ್ಕಾಗಿ ಕಡತ ಮುಟ್ಟಬೇಡಿ ಎನ್ನುತ್ತಾಳಂತೆ. ಹೋದ ದೀಪಾವಳಿಗೆ ಬಂದವಳು ಹೋಗುವಾಗ ನನ್ನ ಬೀರುವಿನಿಂದ ಇನ್ನೂ ಎರಡು ರೂಲ್ಡ್ ನೋಟ್‌ಬುಕ್ ತೆಗೆದುಕೊಂಡು ಹೋದಳು.